ಮೂರಾಣೆ ದೂರ

ತಾನೇ ಫೋಕಸ್ ಮಾಡಿ, ತಾನೇ ಬೆಳಕು ಹೊಂದಿಸಿ, ಮುಖದ ಮೊಡವೆಯನ್ನೂ ತಾನೇ ಒರೆಸಿ ಫೋಟೋ ತೆಗೆಯುವ ಫೋನು ಊರಿನ ಎಲ್ಲರ ಜೇಬಿಗೆ ಬಂದಮೇಲೆ, ನಾನು ಐವತ್ತೆರಡನೆಯ ವಯಸ್ಸಿನಲ್ಲಿ ರೀಲಿನ ಕ್ಯಾಮೆರಾ ಕೊಂಡೆ. ಇದಕ್ಕೆ ಬುದ್ಧಿ ಬೇಕಿಲ್ಲ, ಒಂದು ಭಾನುವಾರ ಖಾಲಿ ಇದ್ದರೆ ಸಾಕು. ಹಳೆ ಸಾಮಾನಿನ ಬಜಾರಿನಲ್ಲಿ ಕೆಟ್ಟ ಮಿಕ್ಸರುಗಳು ಮತ್ತು ಒಂಟಿ ಬೂಟುಗಳ ನಡುವೆ ಅದು ಕೂತಿತ್ತು. ಎತ್ತಿ ಕಣ್ಣಿಗೆ ಹಿಡಿದೆ. ಎಲ್ಲವೂ ಸ್ಪಷ್ಟವಾಗಿ ಕಂಡಿತು. ಫೋಕಸ್ ಆಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಎಂದು ಮಾರುವವನನ್ನು ಕೇಳಿದೆ.

"ಫೋಕಸ್ ವೋಕಸ್ ನಕ್ಕೋ ದೇಖೋ ಅಮ್ಮಾ. ಅಂದಾಜೇಸೇಚ್ ಮಾರ್ನಾ," ಎಂದ.

ಅಂದಾಜಿನ ಮೇಲೇ ಹೊಡೆಯಬೇಕಂತೆ. ನಮ್ಮ ಹೈದರಾಬಾದಿನಲ್ಲಿ ಮದುವೆಗೆ ಎಷ್ಟು ಜನಕ್ಕೆ ಬಿರಿಯಾನಿ ಎಂಬುದು, ರಸ್ತೆ ಎಲ್ಲಿ ಅಗೆಯಬೇಕು ಎಂಬುದು, ಆಟೋದವರು ಹೇಳುವ "ಐದೇ ನಿಮಿಷ", ಎಲ್ಲವೂ ಅಂದಾಜಿನ ಮೇಲೇ ನಡೆಯುತ್ತಿರುವಾಗ ಒಂದು ಫೋಟೋ ಏನು ಮಹಾ ಎಂದುಕೊಂಡು ಅದನ್ನು ಮನೆಗೆ ತಂದೆ.

ಈ ಜಾತಿಯ ಕ್ಯಾಮೆರಾ ಮಾಡುವ ಉಪಕಾರ ಇಷ್ಟೇ. ಲೆನ್ಸಿನ ಸುತ್ತ ಒಂದು ಬಳೆ. ಬಳೆಯ ಮೇಲೆ ಅಡಿಗಳ ಅಂಕಿ: ಮೂರು, ನಾಲ್ಕು, ಆರು, ಹತ್ತು, ಹದಿನೈದು. ಎದುರಿಗಿರುವವರು ಎಷ್ಟು ಅಡಿ ದೂರದಲ್ಲಿದ್ದಾರೆ ಎಂದು ನಾವೇ ಊಹಿಸಿ, ಬಳೆಯನ್ನು ಆ ಅಂಕಿಗೆ ತಿರುಗಿಸಿ, ಗುಂಡಿ ಒತ್ತಬೇಕು. ಊಹೆ ತಪ್ಪಿದರೆ ಅದು ತುಟಿ ಬಿಚ್ಚುವುದಿಲ್ಲ. ನೋಡುವ ಕಿಂಡಿ ಬರೀ ಗಾಜು, ಅದರಲ್ಲಿ ಯಾವಾಗಲೂ ಎಲ್ಲ ಚೆಂದವೇ. ನಾವು ಮಾಡಿದ ಘನಕಾರ್ಯ ತಿಳಿಯುವುದು ರೀಲು ತೊಳೆಸಿಕೊಂಡು ಬಂದಮೇಲೆ, ಅಂದರೆ ಎರಡು ವಾರ ಕಳೆದು.

ನನ್ನ ಮೊದಲ ರೀಲು ನಾಂಪಲ್ಲಿಯ ನಮ್ಮ ಸರ್ಕಾರಿ ಕಚೇರಿಯ ಒಂದು ಬೀಳ್ಕೊಡುಗೆ. ನಿವೃತ್ತರಾಗುತ್ತಿದ್ದ ಸಾಹೇಬರ ಮುಖ ಬೆಂದ ಸಾಬೂದಾಣಿಯ ಹಾಗೆ ಬಂದಿತ್ತು. ಅವರ ಹಿಂದಿನ ಗೋಡೆಯ ಮೇಲೆ ಉಗುಳಬಾರದು ಎಂದು ಬರೆದ ಫಲಕ ಮಾತ್ರ ಅಕ್ಷರ ಅಕ್ಷರ ಓದುವಂತಿತ್ತು. ಇಡೀ ಜೀವಮಾನದ ಸೇವೆಗೆ ಇದಕ್ಕಿಂತ ಒಳ್ಳೆಯ ಕಾಣಿಕೆ ಇನ್ನೇನು. ಪ್ರಿಂಟು ಕೈಗಿಟ್ಟಾಗ "ಚಾಲಾ ಬಾಗುಂದಮ್ಮಾ", ಬಹಳ ಚೆನ್ನಾಗಿದೆ ಎಂದರು. ಆಮೇಲೆ ನನ್ನ ಫೋನು ಎತ್ತಲಿಲ್ಲ.

ಅದೇ ಪ್ರಿಂಟಿನ ಇನ್ನೊಂದು ಪ್ರತಿಯನ್ನು ಅಪ್ಪ ನೋಡಿದರು. ಅವ್ವ ತೀರಿಕೊಂಡ ಮೇಲೆ ತಾರ್ನಾಕದ ಮನೆಯಲ್ಲಿ ನಾವಿಬ್ಬರೇ. ನನ್ನ ಬಾಯಿ ಚುರುಕು, ಅವರದು ಅದರಪ್ಪ. ಹೀಗಾಗಿ ನಮ್ಮ ಮನೆಯಲ್ಲಿ ಟಿ.ವಿ. ಹಚ್ಚುವ ಅಗತ್ಯ ಬೀಳುತ್ತಿರಲಿಲ್ಲ.

"ಆ ತುಳಸಿಕಟ್ಟಿ ಇಲ್ಲಿಂದ ಎಷ್ಟು ದೂರ ಐತಿ ಹೇಳು," ಎಂದರು ಕುರ್ಚಿಯಿಂದ ಏಳದೆ.

"ಹತ್ತಡಿ."

"ಹತ್ತಡಿ ಅಂತ! ನಿನಗ ನೌಕರಿ ಯಾರ ಕೊಟ್ರವ್ವಾ? ಏಳಾಣೆ ಐತಿ ಅದು. ಟೇಪ್ ತಗೊಂಡು ಬಾ."

ಟೇಪು ತಂದು ಹಿಡಿದೆ. ಹದಿನಾಲ್ಕು ಅಡಿ ಐದು ಇಂಚು.

ಅಪ್ಪ ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದು ಎಳೆದು ನಿವೃತ್ತರಾದವರು. ಆ ಸರಪಳಿಯ ಉದ್ದ ಮೂವತ್ಮೂರು ಅಡಿ, ಅದಕ್ಕೆ ಹದಿನಾರು ಭಾಗ. ಒಂದೊಂದು ಭಾಗಕ್ಕೂ ಆಣೆ ಎಂದು ಹೆಸರು. ಅಂದರೆ ಒಂದು ಆಣೆಗೆ ಎರಡಡಿ, ಮೇಲೆ ಚೂರು. ಪೆನ್ಷನ್ ತೆಗೆದುಕೊಳ್ಳಲು ಶುರುಮಾಡಿ ಇಪ್ಪತ್ತು ವರ್ಷವಾದರೂ ಅವರು ಜಗತ್ತನ್ನು ಆಣೆಯಲ್ಲೇ ನೋಡುತ್ತಿದ್ದರು. ಊಟಕ್ಕೆ ಕೂತಾಗ ಉಪ್ಪಿನಕಾಯಿ ಭರಣಿ ಅರ್ಧ ಆಣೆ ಆಚೆ ಇದೆ, ಸರಿಸು ಎನ್ನುವ ಮನುಷ್ಯ.

ಅವತ್ತಿನಿಂದ ನಾವು ಜೋಡಿಯಾಗಿ ಫೋಟೋ ತೆಗೆಯಲು ಹೊರಟೆವು. ಸ್ಕೂಟರು ಓಡಿಸುವುದು ಅಪ್ಪ, ಹಿಂದೆ ಕೂರುವುದು ನಾನು. ಎಪ್ಪತ್ತೆಂಟು ದಾಟಿದವರ ಹಿಂದೆ ಗಟ್ಟಿಮುಟ್ಟಾದ ಮಗಳು ಕೂತು ಹೋಗುವುದನ್ನು ಕಂಡು ಓಣಿಯವರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ನಾನು ಓಡಿಸುತ್ತೇನೆಂದು ಎಷ್ಟೋ ಸಲ ಹೇಳಿದ್ದೆ. "ಸ್ಕೂಟರ್ ಬಿಟ್ಟ ದಿನಾ ನಾ ಮನಿ ಸಾಮಾನ ಆಗಿಬಿಡ್ತೀನಿ. ಹಬ್ಬಕ್ಕೊಮ್ಮೆ ಒರಸಿ ಇಡಬೇಕು ನೀ," ಎನ್ನುತ್ತಿದ್ದರು. ವಾರಕ್ಕೆ ಮೂರು ದಿನ ಸುಲ್ತಾನ್ ಬಜಾರಿಗೆ ಹೋಗಿ ತಮ್ಮ ಹಳೆ ದೋಸ್ತರ ಜೊತೆ ಚಹಾ ಕುಡಿದು, ಸರ್ಕಾರವನ್ನು ನಾಲ್ಕು ಮಾತು ಬೈದು ಬರುವುದು ಅವರ ಇನ್ನೊಂದು ನೌಕರಿ. ಸ್ಕೂಟರಿಲ್ಲದೆ ಅದು ಆಗುವಂಥದ್ದಲ್ಲ.

ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್ ಎಂಬ ವಸ್ತುಪ್ರದರ್ಶನಕ್ಕೆ ಹೋದೆವು. ಅಪ್ಪ ನನ್ನ ಭುಜದ ಪಕ್ಕ ನಿಂತು "ಮೂರಾಣೆ" ಎನ್ನುವರು, ನಾನು ಬಳೆಯನ್ನು ಆರಕ್ಕೆ ತಿರುಗಿಸುವೆ. "ಐದಾಣೆ" ಎಂದರೆ ಹತ್ತು. ಬಳೆ ಅಂಗಡಿಯಾಕೆ ಮೂರಾಣೆಯ ಗಿರಾಕಿಗಳನ್ನು ಮೇಲಿಂದ ಕೆಳಗೆ ನೋಡಿ ಟ್ರೇ ಒಳಗೆ ಎಳೆದುಕೊಂಡಳು. ರೀಲು ತೊಳೆಸಿಕೊಂಡು ಬಂದರೆ ಅದೇ ಆಕೆಯ ಹುಬ್ಬಿನ ಒಂದೊಂದು ಕೂದಲೂ ಎಣಿಸುವ ಹಾಗೆ ಬಂದಿತ್ತು.

ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ತಿಂಗಳಿಗೆರಡು ಭಾನುವಾರ ಗಡ್ಡ ಬಿಟ್ಟ ಹುಡುಗರ ಒಂದು ಗುಂಪು ರೀಲಿನ ಕ್ಯಾಮೆರಾ ಹಿಡಿದು ಸೇರುತ್ತದೆ. ಒಂದು ಹಳೆ ಗೋಡೆಯ ಮುಂದೆ ನಲವತ್ತು ನಿಮಿಷ ನಿಂತು, ಟೋನು, ಮೂಡು, ವೈಬು ಎಂದು ಮಾತಾಡಿ, ಒಂದು ಫೋಟೋ ತೆಗೆದು, ಇರಾನಿ ಚಹಾ ಕುಡಿದು ಹೋಗುತ್ತಾರೆ. ನನ್ನ ಫೋಟೋ ನೋಡಿ "ಆಂಟೀ, ದೂರಂ ಎಲಾ ತೆಲುಸ್ತುಂದಿ ಮೀಕು?" ಎಂದು ಬೆರಗಾದರು. ದೂರ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆಗೆ ನಾನು ಬಹಳ ವಿನಯದಿಂದ "ಅಭ್ಯಾಸ" ಎಂದೆ. ನನ್ನ ಅಭ್ಯಾಸ ಆಗ ಗೇಟಿನ ಹತ್ತಿರ ಸ್ಕೂಟರಿಗೆ ಒರಗಿಕೊಂಡು ಕಡಲೆಕಾಯಿ ತಿನ್ನುತ್ತಿತ್ತು.

ಎರಡು ವರ್ಷ ಹೀಗೇ ನಡೆಯಿತು. ಎರಡನೆಯ ಮಳೆಗಾಲದಲ್ಲಿ ಒಂದು ರೀಲು ಬಂತು. ಮೂವತ್ತಾರರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಸುಕು.

"ಅಪ್ಪಾ, ನಿಮ್ಮ ಸರಪಳಿಗೆ ಜಂಗ್ ಹಿಡದೈತಿ ನೋಡ್ರಿ," ಎಂದೆ. ಇಂಥ ಅವಕಾಶ ಬಿಡುವ ಮಗಳು ನಾನಲ್ಲ.

"ಕ್ಯಾಮೆರಾದಾಗ ಏನೋ ಸಡ್ಲ ಆಗೇತಿ. ತೋರಿಸ್ಕೊಂಡು ಬಾ."

ಸುಲ್ತಾನ್ ಬಜಾರಿನ ಒಂದು ಗಲ್ಲಿಯಲ್ಲಿ ಹಳೆಯ ರಿಪೇರಿಯವರಿದ್ದಾರೆ. ಅವರು ಕ್ಯಾಮೆರಾದ ಬೆನ್ನು ತೆರೆದು, ರೀಲಿನ ಜಾಗದಲ್ಲಿ ಬೆಣ್ಣೆ ಕಾಗದದ ತುಂಡು ಅಂಟಿಸಿ, ಎದುರಿನ ಅಂಗಡಿಯ ದೀಪ ಅದರ ಮೇಲೆ ಬೀಳುವುದನ್ನು ಭೂತಗಾಜಿನಲ್ಲಿ ನೋಡಿದರು. ಬಳೆ ತಿರುಗಿಸಿ ತಿರುಗಿಸಿ ನೋಡಿದರು. "ಮಶೀನ್ ಬರಾಬರ್ ಹೈ ಅಮ್ಮಾ," ಎಂದು ವಾಪಸು ಕೊಟ್ಟರು.

ಈ ತೀರ್ಪನ್ನು ನಾನು ಮನೆಗೆ ಬಂದು ಉಪ್ಪುಖಾರ ಹಚ್ಚಿ ಓದಿದೆ. ಅಪ್ಪ ಪೇಪರಿನ ಹಾಳೆ ತಿರುವಿದರು. "ವಯಸ್ಸಾತು ಬಿಡು," ಎಂದರು. ನಾನು ಹುಟ್ಟಿದಂದಿನಿಂದ ಅವರು ಸೋತೆ ಎಂದದ್ದು ಅದೇ ಮೊದಲು. ಗೆದ್ದ ಖುಷಿಯನ್ನು ನಾಲ್ಕು ದಿನ ಎಳೆಯಬೇಕೆಂದಿದ್ದೆ. ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಎರಡನೆಯ ರೊಟ್ಟಿ ಬೇಡವೆಂದು ಎದ್ದುಬಿಟ್ಟರು. ಹಿಂದಿನ ಪಡಸಾಲೆಯಲ್ಲಿ ಒಬ್ಬರೇ ಕೂತರು.

ಆಗ ನನಗೆ ದೊಡ್ಡ ಮನಸ್ಸು ಬಂತು. ಎರಡು ವರ್ಷ ಅವರ ಪಕ್ಕ ನಿಂತು ನಿಂತು ನನ್ನ ಕಣ್ಣಿಗೂ ದೂರ ತಿಳಿಯತೊಡಗಿತ್ತು. ಮುಂದಿನ ರೀಲಿನಿಂದ ನಾನು ಎಂದಿನಂತೆ "ಎಷ್ಟ್ರಿ ಅಪ್ಪಾ?" ಎಂದು ಕೇಳುವುದು, ಅವರು ಹೇಳುವುದು, ನಾನು ತಲೆಯಾಡಿಸಿ ಬಳೆಯನ್ನು ಮಾತ್ರ ನನ್ನ ಅಂಕಿಗೆ ತಿರುಗಿಸುವುದು. ಗಡ್ಡದ ಹುಡುಗರು ಪ್ರತಿ ಫೋಟೋದ ವಿವರ ಬರೆದಿಡಬೇಕೆಂದು ಹೇಳಿದ್ದರಿಂದ ಬ್ಯಾಗಿನಲ್ಲಿ ಒಂದು ಪುಟ್ಟ ನೋಟುಬುಕ್ಕು ಇಟ್ಟಿದ್ದೆ. ಅದರಲ್ಲಿ ತಾರೀಕು ಹಾಕಿ ಎರಡು ಸಾಲು ಮಾಡಿದೆ. ಒಂದು ಅಪ್ಪನದು, ಒಂದು ನನ್ನದು. ಅಪ್ಪ ಮೂರಾಣೆ, ನಾನು ಹತ್ತಡಿ. ಅಪ್ಪ ಎರಡಾಣೆ, ನಾನು ಎಂಟಡಿ. ಕೆಲವು ಕಡೆ ಪಕ್ಕದಲ್ಲಿ ಟಿಪ್ಪಣಿಯನ್ನೂ ಬರೆದೆ, ಮುಂದೆಂದಾದರೂ ಓದಿ ನಗಲು ಆಗಲಿ ಎಂದು. "ಇಂದು ಅಪ್ಪನ ಪ್ರಕಾರ ಸಿಟಿ ಬಸ್ಸು ನಮ್ಮ ತೊಡೆಯ ಮೇಲಿದೆ." ಇಂಥ ಹಾಸ್ಯಪ್ರಜ್ಞೆ ನನ್ನದು.

ಪ್ರತಿ ರೀಲು ಬಂದಾಗಲೂ ಅಪ್ಪ ಬಾಗಿಲಲ್ಲೇ ಕೇಳುವರು. "ಹೆಂಗ ಬಂದಾವ?"

"ನೀವು ಹೇಳಿದ್ದು ಒಂದೂ ತಪ್ಪಿಲ್ರಿ. ಎಲ್ಲಾ ಬರೋಬ್ಬರಿ."

"ನಾ ಹೇಳಲಿಲ್ಲೇನು? ಆ ರಿಪೇರಿಯವ ಒಳಗ ಏನೋ ಬಿಗಿ ಮಾಡಿ ಬಾಯಿ ಮುಚಿಗೊಂಡಾನ," ಎನ್ನುವರು. ಆ ದಿನ ಸ್ಕೂಟರು ತೊಳೆಯುವರು, ಗಾಜಿಗೆ ಪೇಪರು ತಿಕ್ಕುವರು, ಮೂರು ರೊಟ್ಟಿ ತಿನ್ನುವರು. ಆಫೀಸಿನಲ್ಲಿ ಯಾರಾದರೂ ತಮ್ಮ ತಂದೆಯ ಹಟ, ಸಿಡುಕು ಎಂದು ಗೋಳು ಹೇಳಿಕೊಂಡರೆ ನಾನು, ಮುದುಕರನ್ನು ಜಾಣತನದಿಂದ ನೋಡಿಕೊಳ್ಳಬೇಕು ಎಂದು ಉಪದೇಶ ಮಾಡುತ್ತಿದ್ದೆ. ನನ್ನ ಜಾಣತನ ಒಂದು ವರ್ಷ ಹೀಗೆ ನಡೆಯಿತು.

ಒಂದು ಬೆಳಗ್ಗೆ ಚಹಾದ ಕಪ್ಪು ಅವರ ಮುಂದೆ ಹಿಡಿದೆ. ಅಪ್ಪ ಕೈ ಚಾಚಿದರು. ಕಪ್ಪಿಗೆ ಇನ್ನೂ ನಾಲ್ಕು ಬೆರಳು ದೂರವಿರುವಾಗಲೇ ಗಾಳಿಯನ್ನು ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ನಾನು ಅಷ್ಟರಲ್ಲಿ ಬಿಟ್ಟಾಗಿತ್ತು. ಕಪ್ಪು ಕೆಳಗೆ ಬಿದ್ದು ಒಡೆಯಿತು. ಬಾಯಿಗೆ ಬಂದ ಕುಹಕವನ್ನು ಹೇಳಬೇಕು ಎನ್ನುವಷ್ಟರಲ್ಲಿ ಅವರ ಮುಖ ನೋಡಿದೆ. ಹೆದರಿದ್ದರು. ಅಪ್ಪ ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಎಡಗಣ್ಣ ಮುಚ್ಚಿದ್ರ ನಿನ್ನ ಮಾರಿ ಕಾಣಂಗಿಲ್ಲವ್ವಾ," ಎಂದರು ಮೆಲ್ಲಗೆ. "ಬರೇ ಬೆಳಕ ಕಾಣತೈತಿ."

ಅವತ್ತೇ ಕಣ್ಣಿನ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದೆ. ಯಂತ್ರದಿಂದ ಯಂತ್ರಕ್ಕೆ ಕೂರಿಸಿ ಎಬ್ಬಿಸಿ, ಕೊನೆಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. ಗ್ಲಾಕೋಮಾ ಎಂದಳು. ಕಣ್ಣಿನೊಳಗಿನ ಒತ್ತಡಕ್ಕೆ ಬಲಗಣ್ಣಿನ ನರ ಸತ್ತಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಎಡಗಣ್ಣಿನಲ್ಲೂ ಅಂಚಿನಿಂದ ಶುರುವಾಗಿದೆ, ದಿನಾ ಔಷಧಿಯ ಹನಿ ಹಾಕಿಕೊಂಡರೆ ಉಳಿದಿರುವುದನ್ನು ಉಳಿಸಿಕೊಳ್ಳಬಹುದು. ಬೇಗ ಬಂದಿದ್ದರೆ ಎರಡನ್ನೂ ಉಳಿಸಿಕೊಳ್ಳಬಹುದಿತ್ತು. ಗಾಡಿ ಮಾತ್ರ ಇನ್ನು ಮುಟ್ಟಬಾರದು. ದೂರ ಹತ್ತಿರ ಗೊತ್ತಾಗದೆ ಎಷ್ಟು ದಿನವಾಯಿತು ಎಂದು ಕೇಳಿದಳು. ಅಪ್ಪ, ಇತ್ತೀಚೆಗೆ ಎಂದರು. ನಾನು ಬ್ಯಾಗನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತಿದ್ದೆ.

ಔಷಧಿಯ ಸಾಲಿನಲ್ಲಿ ನಮ್ಮ ನಂಬರು ಬರುವುದು ತಡವಿತ್ತು. ಹೊರಗಿನ ಬೆಂಚಿನ ಮೇಲೆ ಕೂತೆವು.

"ಹೋದ ಮಳಿಗಾಲದಾಗ ಬರೂದಿತ್ತು ನಾ," ಎಂದರು ಅಪ್ಪ. "ಆ ರಿಪೇರಿಯವ ಕ್ಯಾಮೆರಾ ಚಲೋ ಐತಿ ಅಂದ್ನಲ್ಲಾ, ಆವತ್ತೇ ಅನಮಾನ ಬಂದಿತ್ತು. ಒಂದಿನ ಇಲ್ಲೀತನಕ ಬಂದು ಚೀಟಿನೂ ಮಾಡಿಸಿದ್ದೆ. ಮರುದಿನ ಬರ್ರಿ ಅಂದ್ರು. ಅವತ್ತ ಸಂಜೀಕ ನಿನ್ನ ರೀಲು ಬಂತು, ಫೋಟೋ ಮತ್ತ ಚಂದ ಬರಾಕತ್ತಿದುವು. ಕಣ್ಣ ನೆಟ್ಟಗ ಅದಾವ, ಸುಮ್ನ ಹೆದರೀನಿ ಅಂತ ಬಿಟ್ಟೆ."

ಹೇಳದೆ ಇದ್ದರೆ ಅವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿರೋಣ ಎಂದು ಮನಸ್ಸು ಹೇಳಿತು. ಅಂಥ ಸಲಹೆ ಕೊಡುವುದರಲ್ಲಿ ಅದು ನಿಸ್ಸೀಮ. ಆದರೆ ಇನ್ನೊಂದು ಸುಳ್ಳಿಗೆ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ.

"ಆ ಅಂಕಿ ನಿಮ್ಮವಲ್ರಿ ಅಪ್ಪಾ. ನೀವು ಹೇಳಿದ್ದು ಬಿಟ್ಟು ನಾ ನಂದು ಇಡ್ತಿದ್ದೆ."

ಅಪ್ಪ ಕೇಳಿದ್ದು ಸರ್ವೇಯವರ ಪ್ರಶ್ನೆ. "ಎಷ್ಟು ತಪ್ಪಿತ್ತು?"

ನೋಟುಬುಕ್ಕು ತೆಗೆದು ಓದಿದೆ. ತಾರೀಕು, ಅವರ ಅಂಕಿ, ನನ್ನ ಅಂಕಿ. ಟಿಪ್ಪಣಿಗಳನ್ನು ಬಿಟ್ಟು ಓದಿದೆ. ಬಸ್ಸಿನ ಮಾತು ಬಂದ ಪುಟದಲ್ಲಿ ಟಿಪ್ಪಣಿಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಓದಿದೆ, ಆ ದಿನ ಅದೇ ರಸ್ತೆಯಲ್ಲಿ ಅವರ ಹಿಂದೆ ಕೂತು ಮನೆಗೆ ಬಂದಿದ್ದೆ. ಅಪ್ಪ ಕೈ ಮಡಿಲಲ್ಲಿಟ್ಟುಕೊಂಡು, ಕೈಕೆಳಗಿನವರ ಅಳತೆ ಪುಸ್ತಕ ತಪಾಸಣೆ ಮಾಡುವಾಗಿನ ಹಾಗೆ, ಪ್ರತಿ ಸಾಲಿಗೂ "ಹೂಂ" ಎನ್ನುತ್ತ ಕೊನೆಯವರೆಗೂ ಕೇಳಿದರು.

"ಮತ್ತ ಎಷ್ಟ್ರಿ ಅಪ್ಪಾ ಅಂತ ಯಾಕ ಕೇಳ್ತಿದ್ದಿ ನನ್ನ?"

"ನಿಮಗ ಬ್ಯಾಸರ ಆಗಬಾರದು ಅಂತ."

"ಬ್ಯಾಸರ ಆಗಿದ್ರ ನಾ ಮರುದಿನಾನ ಇಲ್ಲಿಗೆ ಬರತಿದ್ನಲ್ಲವ್ವಾ," ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಉತ್ತರ ಕೊಡುತ್ತಿದ್ದೆ.