ಒಬ್ಬರಿಗೆ ಕಡಿಮೆ ಬಿದ್ದ ಪ್ರಸಾದ

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ನನಗೆ ದೊಡ್ಡ ದೈವಭಕ್ತೆ ಎಂಬ ಹೆಸರಿತ್ತು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ಬೊಂಬಾಯಿಯ ಬಾಳು ಸಾಕಪ್ಪಾ ಎಂದು ಗೊಣಗಿದರೆ ಹಿರಿಯ ಹೆಂಗಸರು ನನ್ನ ಬಾಗಿಲು ತೋರಿಸಿ, "ಅವರನ್ನ ನೋಡಿ ಕಲೀರಿ. ಅಷ್ಟೆಲ್ಲ ಕಷ್ಟ ಬಂದ್ರೂ ಒಂದಿನ ದೀಪ ತಪ್ಪಿಸಿದಾರಾ?" ಅನ್ನುತ್ತಿದ್ದರು. ದೀಪ ತಪ್ಪಿಸಿದ್ದಿಲ್ಲ, ನಿಜ. ಆದರೆ ಆ ದೀಪದ ಮುಂದೆ ಕಣ್ಣು ಮುಚ್ಚಿ ನಿಂತು ನಾನು ಏನು ಬೇಡಿಕೊಳ್ಳುತ್ತಿದ್ದೆ ಎಂದು ಆ ಪುಣ್ಯಾತ್ಗಿತ್ತಿಯರಿಗೆ ಗೊತ್ತಿರಲಿಲ್ಲ. ಅವನ ಕೈ ಸೇದಿಹೋಗಲಿ, ನಾಲಗೆ ಬಿದ್ದುಹೋಗಲಿ, ಮನೆ ಹಾಳಾಗಲಿ. ಒಂಬತ್ತು ವರ್ಷ, ಬೆಳಿಗ್ಗೆ ಮತ್ತು ಸಂಜೆ, ಇದೇ ನನ್ನ ಸ್ತೋತ್ರವಾಗಿತ್ತು.

ಅವನು ಯಾರೆಂದು ಹೇಳಬೇಕು. ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ನಾವು ಚೆಂಬೂರಿನ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಯಜಮಾನರು ಅಲ್ಲಿ ಸ್ಟೋರ್ಸಿನ ಗುಮಾಸ್ತರು. ಅವನು ಅದೇ ಸ್ಟೋರ್ಸಿನಲ್ಲಿ ಇವರ ಕೈಕೆಳಗೆ ಕೆಲಸ ಕಲಿತವನು, ನಮ್ಮ ಮೈಸೂರು ಕಡೆಯವನೇ, ಎದುರು ಬಾಗಿಲಿನ ಮನೆ. ಮದುವೆಯಾಗುವ ತನಕ ನಮ್ಮ ಮನೆಯಲ್ಲೇ ಊಟ. "ಅತ್ತಿಗೆ, ಇನ್ನೊಂದು ಸೌಟು ಸಾರು" ಎಂದು ತಟ್ಟೆ ಮುಂದೆ ಒಡ್ಡುತ್ತಿದ್ದ. ಅವನ ಹೆಂಡತಿ ಬಸುರಿಯಾದಾಗ ಅವಳಿಗೆ ತಾಯಿಯಿಲ್ಲವೆಂದು ಬಳೆ ತೊಡಿಸಿದವಳು ನಾನು.

ಒಂದು ದಿನ ಸ್ಟೋರ್ಸಿನಿಂದ ತಾಮ್ರದ ಪೈಪುಗಳ ಒಂದು ಕಟ್ಟು ಕಾಣೆಯಾಯಿತು. ಮೇಲಿನವರಿಗೆ ತುರ್ತಾಗಿ ಒಬ್ಬ ಕಳ್ಳ ಬೇಕಾಗಿದ್ದ. ನಮ್ಮವರು ಆ ಪೈಪುಗಳನ್ನು ಲಾರಿಗೆ ಏರಿಸಿದ್ದನ್ನು ಕಣ್ಣಾರೆ ನೋಡಿದೆ ಎಂದು ಅವನು ಬರೆದುಕೊಟ್ಟ. ಆ ಕಾಗದದ ನಕಲನ್ನು ಇವರು ಮನೆಗೆ ತಂದರು. ಕೆಳಗೆ ಅವನ ಸಹಿ, ಸಹಿಯ ಅಡಿಯಲ್ಲಿ ಒಂದು ಗೆರೆ, ಗೆರೆಯ ಅಡಿಯಲ್ಲಿ ಎರಡು ಚುಕ್ಕೆ. ಸುಳ್ಳು ಬರೆಯುವಾಗಲೂ ಚುಕ್ಕೆ ಇಡುವುದನ್ನು ಮರೆತಿರಲಿಲ್ಲ. ಮೂರು ತಿಂಗಳಲ್ಲಿ ಇವರ ಕೆಲಸ ಹೋಯಿತು, ಅವನಿಗೆ ಇವರ ಕುರ್ಚಿ ಸಿಕ್ಕಿತು. ಕ್ವಾರ್ಟರ್ಸ್ ಖಾಲಿ ಮಾಡಲು ನಮಗೆ ಒಂದು ತಿಂಗಳು ಕೊಟ್ಟರು.

ಆ ತಿಂಗಳಲ್ಲೇ ಕಾಲನಿಯ ಒಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಆ ಮನೆಯಾಕೆ ಎದ್ದು ಹೋಗಿ ಬೆಡ್‌ರೂಮಿನ ಬಾಗಿಲಿಗೆ ಚಿಲಕ ಹಾಕಿ ಬಂದಳು. ಆಮೇಲೆ ನಗುನಗುತ್ತ ನನಗೆ ಕುಂಕುಮ ಕೊಟ್ಟಳು. ಆ ಚಿಲಕದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಂಟಾಪ್ ಹಿಲ್‌ನಲ್ಲಿ ನಮಗೆ ಸಿಕ್ಕಿದ್ದು ಒಂದೇ ಕೋಣೆ. ಇವರು ವಡಾಲಾದಲ್ಲಿ ಲೋಕಲ್ ಹಿಡಿದು ವಿಲೆ ಪಾರ್ಲೆಗೆ ಹೋಗಿ, ಒಂದು ಔಷಧಿ ಅಂಗಡಿಯಲ್ಲಿ ಡಬ್ಬಿಗಳಿಗೆ ದಾರ ಕಟ್ಟುತ್ತಿದ್ದರು. ನಾನು ಸಾರಿನ ಪುಡಿ, ಹುಳಿಪುಡಿ ಮಾಡಿ ಮನೆಮನೆಗೆ ಕೊಡುತ್ತಿದ್ದೆ. ಮೆಣಸಿನಕಾಯಿ ಹುರಿಯುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಯಾರಾದರೂ ಕೇಳಿದರೆ ಘಾಟು ಎನ್ನುತ್ತಿದ್ದೆ, ಮತ್ತು ಬಹಳ ಸಲ ಅದು ಘಾಟೇ ಆಗಿರುತ್ತಿತ್ತು. ನಾನು ಅಳುವ ಪೈಕಿ ಅಲ್ಲ.

ಲೇಬರ್ ಕೋರ್ಟಿಗೆ ಹಾಕಿದ ಕೇಸು ಒಮ್ಮೆ ವಕೀಲರಿಲ್ಲವೆಂದು, ಒಮ್ಮೆ ಜಡ್ಜ್ ರಜೆಯೆಂದು, ಒಮ್ಮೆ ಫೈಲೇ ಸಿಗಲಿಲ್ಲವೆಂದು ಮುಂದಕ್ಕೆ ಹೋಗುತ್ತಲೇ ಇತ್ತು. ಇವರು ಪ್ರತಿ ಸಲ ಹೋದ ಹಾಗೆಯೇ ಬಂದು, ಕೈಕಾಲು ತೊಳೆದು, ದೇವರಿಗೆ ಕೈ ಮುಗಿದು ಊಟಕ್ಕೆ ಕೂರುತ್ತಿದ್ದರು. ನನಗೆ ಅವನ ಮೇಲಿದ್ದ ಸಿಟ್ಟು ಒಂದು ಥರ, ಇವರ ಈ ಶಾಂತಿಯ ಮೇಲಿದ್ದ ಸಿಟ್ಟು ಇನ್ನೊಂದು ಥರ.

"ದೇವ್ರಿದಾನೆ ಕಣೇ, ನೋಡ್ಕೋತಾನೆ."

"ನೋಡ್ತಾನೇ ಇದಾನಲ್ಲಾರೀ, ಆರು ವರ್ಷದಿಂದ. ನೋಡಿದ್ದು ಸಾಕು, ಏನಾದ್ರೂ ಮಾಡು ಅಂತ ಹೇಳಿ."

"ಅವನಿಗೆ ನಾವು ಹೇಳ್ಕೊಡ್ಬೇಕಾ?" ಎಂದು ನಕ್ಕು ಮಜ್ಜಿಗೆಗೆ ಕೈ ಚಾಚುತ್ತಿದ್ದರು.

ನಾನು ಹೇಳಿಕೊಡಬೇಕು ಎಂಬ ಪಂಗಡದವಳು. ನನಗೂ ದೇವರಲ್ಲಿ ನಂಬಿಕೆಯಿತ್ತು, ಇವರಿಗಿಂತ ಒಂದು ಹಿಡಿ ಹೆಚ್ಚೇ. ಅವನಿಗೆ ಶಿಕ್ಷೆ ಕೊಟ್ಟೇ ಕೊಡುತ್ತಾನೆ ಎಂದು ನಂಬಿದ್ದೆ. ಆ ನಂಬಿಕೆಯೇ ನನ್ನನ್ನು ದಿನಾ ಬೆಳಿಗ್ಗೆ ಎಬ್ಬಿಸಿ ಒಲೆಯ ಮುಂದೆ ಕೂರಿಸುತ್ತಿತ್ತು. ಚೆಂಬೂರಿನಿಂದ ಯಾರಾದರೂ ಬಂದರೆ ಬೇರೆಯವರ ಕ್ಷೇಮವೆಲ್ಲ ಕೇಳಿ ಕೊನೆಗೆ ಅವನ ಸುದ್ದಿ ಕೇಳುತ್ತಿದ್ದೆ. ಸ್ಕೂಟರ್ ತೆಗೆದುಕೊಂಡನಂತೆ. ಗಂಡುಮಗುವಾಯಿತಂತೆ. ಆ ದಿನಗಳಲ್ಲಿ ದೇವರ ದೀಪಕ್ಕೆ ಎಣ್ಣೆ ಸ್ವಲ್ಪ ಕಡಿಮೆ ಹಾಕುತ್ತಿದ್ದೆ.

ಏಳನೆಯ ವರ್ಷ ನಮ್ಮ ಬಿಲ್ಡಿಂಗಿನ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಎಷ್ಟೋ ಸಲ ಕೇಳಿದ ಕಥೆ, ಆದರೆ ಅವತ್ತು ಕಿವಿಗೆ ಬೇರೆಯಾಗಿ ಬಿತ್ತು. ಆ ಕಥೆಯಲ್ಲಿ ಪ್ರಸಾದ ಬಿಟ್ಟು ಹೋದವರಿಗೆಲ್ಲ ಕೆಡುಕೇ. ಒಬ್ಬಳ ಗಂಡ ಹಡಗಿನ ಸಮೇತ ಮುಳುಗುತ್ತಾನೆ, ಒಬ್ಬ ರಾಜ ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಳ್ಳುತ್ತಾನೆ. ನಮ್ಮ ವಕೀಲರಿಗೆ ಏಳು ವರ್ಷದಿಂದ ಸಿಗದ ಕಲಂ ನನಗೆ ಚಾಪೆಯ ಮೇಲೆ ಕೂತಲ್ಲೇ ಸಿಕ್ಕಿತ್ತು. ದೇವರು ತಾನಾಗಿ ಏಳದಿದ್ದರೆ ಅವನದೇ ಕಾನೂನು ಹಿಡಿದು ಎಬ್ಬಿಸಬೇಕು. ಕೇಸು ಗೆದ್ದ ಮೇಲೆ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆ ಎಂದು ಅಲ್ಲೇ ಹರಕೆ ಹೊತ್ತೆ. ಅದಕ್ಕೆ ಆ ಸುಳ್ಳುಗಾರನನ್ನು ಕರೆಯುತ್ತೇನೆ. ಅವನು ಬರಬೇಕು, ಪ್ರಸಾದವಿಲ್ಲದೆ ಹೊರಗೆ ಹೋಗಬೇಕು. ಬಿಟ್ಟು ಹೋದನೋ, ಸಿಗದೆ ಹೋದನೋ, ದೇವರು ಅಷ್ಟೆಲ್ಲ ಬಿಡಿಸಿ ನೋಡುತ್ತಾನೆಯೇ? ಪಕ್ಕದಲ್ಲಿ ಕೂತಿದ್ದವರು ನನ್ನ ಕಣ್ಣಿನ ನೀರು ನೋಡಿ ತಾವೂ ಸೆರಗು ಕಣ್ಣಿಗೊತ್ತಿಕೊಂಡರು.

ಇನ್ನೂ ಎರಡು ವರ್ಷ ಕಾದ ಮೇಲೆ ತೀರ್ಪು ಬಂತು. ಅವನು ಹೇಳಿದ ದಿನ ಕಾರ್ಖಾನೆಯ ಗೇಟಿನೊಳಗೆ ಯಾವ ಲಾರಿಯೂ ಬಂದಿರಲಿಲ್ಲ ಎಂದು ಗೇಟಿನ ರಿಜಿಸ್ಟರಿನಲ್ಲೇ ಇತ್ತು. ಆ ಒಂದು ಸಾಲು ಓದಲು ಕೋರ್ಟಿಗೆ ಒಂಬತ್ತು ವರ್ಷ ಬೇಕಾಯಿತು. ಇವರ ತಲೆಯಲ್ಲಿ ಒಂದು ಕಪ್ಪು ಕೂದಲೂ ಉಳಿದಿರಲಿಲ್ಲ. "ನಾನು ಹೇಳ್ಲಿಲ್ವೇನೇ?" ಎಂದು ದೇವರ ಮುಂದೆ ಅಡ್ಡಬಿದ್ದರು. ನಾನು ಅಡ್ಡಬೀಳಲಿಲ್ಲ. ದೇವರು ಅರ್ಧ ಕೆಲಸ ಮಾತ್ರ ಮುಗಿಸಿದ್ದ, ಸುಳ್ಳು ಬರೆದವನಿಗೆ ಏನೂ ಆಗಿರಲಿಲ್ಲ.

ಕೆಲಸ ವಾಪಸು ಸಿಕ್ಕಿತು, ಅದೇ ಕಾಲನಿಯಲ್ಲಿ ಬೇರೊಂದು ಮನೆಯೂ ಸಿಕ್ಕಿತು. ಹೋದ ಹದಿನೈದು ದಿನಕ್ಕೆ ಪೂಜೆ ಇಟ್ಟುಕೊಂಡೆ. ನಾನೇ ಕುಂಕುಮದ ಭರಣಿ ಹಿಡಿದು ಅವನ ಮನೆಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲಿ ನನ್ನನ್ನು ಕಂಡು ಬೆವೆತುಹೋದಳು.

"ಭಾನುವಾರ ಪೂಜೆ. ಎಲ್ರೂ ಬರ್ಬೇಕು. ಅವರನ್ನೂ ಕರ್ಕೊಂಡು ಬನ್ನಿ, ಮರೀಬೇಡಿ" ಎಂದೆ.

ಸುದ್ದಿ ತಿಳಿದು ನಮ್ಮವರು ಅಡುಗೆಮನೆಗೆ ಬಂದರು. "ನಿನ್ ಮನಸ್ಸು ದೊಡ್ಡದು ಕಣೇ" ಎಂದರು. ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ, ಹೆಚ್ಚುತ್ತಲೇ ಇದ್ದೆ.

ಪೂಜೆಯ ದಿನ ಮನೆ ತುಂಬಿತು. ಬೊಂಬಾಯಿಯಲ್ಲಿ ಸತ್ಯನಾರಾಯಣನ ಪೂಜೆಗೆ ಕರೆಯದವರೂ ಚಪ್ಪಲಿಗಳ ರಾಶಿ ನೋಡಿ ಒಳಗೆ ಬಂದು ಕೈಯೊಡ್ಡುತ್ತಾರೆ. ಚಿಲಕ ಹಾಕಿದ್ದ ಆ ಮಹಾತಾಯಿಯೂ ಬಂದಿದ್ದಳು. ಅವಳು ಕಾಣುವ ಹಾಗೆ ನಮ್ಮ ಮನೆಯ ಬಾಗಿಲುಗಳನ್ನೆಲ್ಲ ಹಾರು ಹೊಡೆದಿಟ್ಟಿದ್ದೆ. ಅವನು ಎಲ್ಲರಿಗಿಂತ ಹಿಂದೆ, ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದ. ಕಥೆಯಲ್ಲಿ ಪ್ರಸಾದದ ಮಾತು ಬಂದಾಗ ಅವನ ಮುಖ ನೋಡಿದೆ. ತಲೆ ತಗ್ಗಿಸಿಕೊಂಡಿದ್ದ.

ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು, ಎಲ್ಲವೂ ಶಾಸ್ತ್ರದ ಪ್ರಕಾರ ಒಂದೂಕಾಲು ಅಳತೆ. ಹಂಚುವ ಕೆಲಸ ನಾನು ಯಾರಿಗೂ ಬಿಡಲಿಲ್ಲ. ನಮ್ಮಿಬ್ಬರ ಪಾಲನ್ನು ಎರಡು ದೊನ್ನೆಯಲ್ಲಿ ದೇವರ ಪಕ್ಕ ಎತ್ತಿಟ್ಟು, ಒಳಗಿನಿಂದ ಬಾಗಿಲ ಕಡೆಗೆ ಬಂದೆ. ತಲೆ ಎಣಿಸಿ ಎಣಿಸಿ ಬಡಿಸಿದೆ. ಅವನ ಹೆಂಡತಿಗೂ ಮಕ್ಕಳಿಗೂ ಧಾರಾಳವಾಗಿ ಕೊಟ್ಟೆ, ಅವರ ಮೇಲೆ ನನಗೇನೂ ಇರಲಿಲ್ಲ. ಪಕ್ಕದ ಬಿಲ್ಡಿಂಗಿನ ಮರಾಠಿ ಅಜ್ಜಿ "ಅಜೂನ್ ಥೋಡಾ" ಎಂದಾಗ ಸಂತೋಷದಿಂದ ಇನ್ನೊಂದು ಚಮಚ ಹಾಕಿದೆ. ಅವನ ಮುಂದೆ ನಿಂತಾಗ ಬಾಣಲೆ ಖಾಲಿ.

ಅವನು ಎಡಗೈಯ ಮೇಲೆ ಬಲಗೈ ಇಟ್ಟು ಒಡ್ಡಿದ. ಅದೇ ಕೈ, ಚುಕ್ಕೆ ಇಟ್ಟ ಕೈ. ಒಂಬತ್ತು ವರ್ಷ ಸೇದಿಹೋಗಲಿ ಎಂದು ನಾನು ಬೇಡಿದ್ದ ಕೈ ದುಂಡಗೆ ಕೆಂಪಗೆ ಇತ್ತು, ಬೆರಳಲ್ಲಿ ಒಂದು ಉಂಗುರ ಬೇರೆ.

"ಅಯ್ಯೋ, ಮುಗಿದೇ ಹೋಯ್ತಲ್ಲ" ಎಂದು ಬಾಣಲೆಯನ್ನು ಅವನ ಕಡೆ ಓರೆ ಮಾಡಿ ತೋರಿಸಿದೆ.

"ಪರ್ವಾಗಿಲ್ಲ ಅತ್ತಿಗೆ" ಎಂದ. ಆದರೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲರಿಗೂ ಅರ್ಥವಾಯಿತು, ಅವನಿಗೂ ಆಯಿತು. ನನ್ನ ಬದುಕಿನಲ್ಲಿ ಅಂಥ ತೃಪ್ತಿಯನ್ನು ನಾನು ಮತ್ತೆ ಕಂಡಿಲ್ಲ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ನಮ್ಮವರು ದೇವರ ಹತ್ತಿರದಿಂದ ಎದ್ದು ಬಂದರು, ಕೈಯಲ್ಲಿ ತಮ್ಮ ಪಾಲಿನ ದೊನ್ನೆ. "ತಗೊಳ್ಳೋ. ನಮ್ಮನೆಗೆ ಬಂದು ಪ್ರಸಾದ ಇಲ್ದೆ ಹೋಗ್ತಾರೇನೋ?" ಎಂದು ಪೂರ್ತಿ ಅವನ ಅಂಗೈಗೆ ಸುರಿದರು. ಅವನು ನಿಂತಲ್ಲೇ ತಿಂದ. ಒಂದು ಕಾಳೂ ಬಿಡದೆ ತಿಂದು, ಕೈಯನ್ನು ತಲೆಗೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ. ತಪ್ಪಾಯಿತು ಎಂದು ಒಂದು ಮಾತು ಹೇಳಲಿಲ್ಲ.

ಜನ ಚದುರಿದ ಮೇಲೆ ನನಗೆ ಹೊಳೆಯಿತು. ಪೂಜೆಗೆ ಕೂತ ಯಜಮಾನನಿಗೇ ಪ್ರಸಾದವಿಲ್ಲ. ನಾನು ಹುಡುಕಿ ಇಟ್ಟಿದ್ದ ಕಲಂ ಸೀದಾ ನನ್ನ ಗಂಡನ ತಲೆಗೆ ಬಂದು ಕೂತಿತ್ತು. ಓಡಿಹೋಗಿ ಉಳಿದಿದ್ದ ದೊನ್ನೆ ತಂದು ಇವರ ಕೈಗಿಟ್ಟೆ.

"ಇದು ನಿಂದಲ್ವೇನೇ? ಅರ್ಧ ಅರ್ಧ ತಿನ್ನೋಣ ಬಾ."

"ನಾನು ಆಗ್ಲೇ ತಿಂದೆ. ಪೂರ್ತಿ ನೀವೇ ತಿನ್ನಿ" ಎಂದೆ. ಸತ್ಯನಾರಾಯಣನ ಎದುರಿಗೇ ಹೇಳಿದೆ. ಇವರು ನಂಬಿದರು, ಇವರಿಗೆ ನಂಬುವುದು ಬಿಟ್ಟು ಬೇರೇನೂ ಬರುವುದಿಲ್ಲ. ಕಣ್ಣಿಗೊತ್ತಿಕೊಂಡು ನಿಧಾನವಾಗಿ ತಿಂದರು.

ನಾನು ಅವನನ್ನು ಕ್ಷಮಿಸಿದೆ ಎಂದು ಯಾರೂ ತಿಳಿದುಕೊಳ್ಳಬೇಡಿ. ಆವತ್ತೂ ಇಲ್ಲ, ಇವತ್ತೂ ಇಲ್ಲ. ಇವರು ತಿಂದು ಮುಗಿಸುವ ತನಕ ಎದುರಿಗೆ ಕೂತಿದ್ದು, ಆಮೇಲೆ ಅಡುಗೆಮನೆಗೆ ಹೋಗಿ ಬಾಣಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ತಳಕ್ಕೆ ಏನಾದರೂ ಅಂಟಿರಬಹುದೆಂದು ಬೆರಳು ಹಾಕಿ ಸುತ್ತಲೂ ಬಳಿದು ನೋಡಿದೆ. ರವೆಯ ಒಂದು ಕಾಳೂ ಸಿಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಅಳೆದು ಹಂಚಿದ್ದವಳು ನಾನೇ.