ರಾಕೆಟ್ ತಾತನ ಕ್ಯಾರಿಯರ್
ನಲವತ್ತು ವರ್ಷ ಊರವರ ಗಡಿಯಾರಗಳು ಮುಂದೆ ಓಡದಂತೆ ರಿಪೇರಿ ಮಾಡಿದ ರಾಕೆಟ್ ತಾತ, ಈಗ ಸೈಕಲ್ಲಿಗೆ ಎಂಜಿನ್ ಕೂಡಿಸಿ ಓಡಿಸುವ ಹಟಕ್ಕೆ ಬಿದ್ದಿದ್ದಾರೆ. "ಹಿಂದಿನ ಚಕ್ರದ ಹಲ್ಲು ಕಮ್ಮಿಯಾದಷ್ಟೂ ವೇಗ ಜಾಸ್ತಿ ಕಣಯ್ಯಾ" ಎನ್ನುತ್ತ ವಾರಕ್ಕೊಂದು ಚಿಕ್ಕ ಹಲ್ಲುಚಕ್ರ ಹಾಕುತ್ತಾರೆ. ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಿರುಗಿಸುತ್ತಾರೆ. ಭಾರ ಇಳಿಸಲೆಂದು ಗಂಟೆ, ಮಡ್‌ಗಾರ್ಡು, ಸ್ಟ್ಯಾಂಡು ಕಿತ್ತಾಯಿತು, ಮೀಸೆ ಬೋಳಿಸಿಯಾಯಿತು. ಹೊರಡುವ ಮುನ್ನ, ಬಾಯಿಗೆ ಕಟ್ಟಿಸಿದ ಹಲ್ಲಿನ ಸೆಟ್ಟನ್ನೂ ಮೇಜಿನ ಮೇಲೆ ಬಿಚ್ಚಿಡುತ್ತಾರೆ. ಇಷ್ಟಾಗಿ, ಚಕ್ರದ ಹಲ್ಲು ಕಮ್ಮಿಯಾಗುತ್ತ ಬಂದು ಗಾಡಿಗೆ ತಾನಾಗಿ ಹೊರಡುವ ಶಕ್ತಿಯೇ ಉಳಿದಿಲ್ಲ, ದಿನಾ ಬೆಳಿಗ್ಗೆ ಹೆಂಡತಿ ಬೀದಿಯ ಕೊನೆಯವರೆಗೆ ತಳ್ಳಬೇಕು. "ಆ ಕ್ಯಾರಿಯರನ್ನೂ ಕಿತ್ತುಬಿಡಿ, ತಳ್ಳೋಕಾದ್ರೂ ಹಗುರಾಗುತ್ತೆ" ಎಂದು ಆಕೆ ಏದುಸಿರು ಬಿಟ್ಟರೆ, "ಅದೊಂದು ಬಿಟ್ಟು ಬೇರೇನಾದ್ರೂ ಹೇಳು" ಎಂದು ಗದರುತ್ತಾರೆ. ಸಂಜೆ ಅವಳು ಅದೇ ಕ್ಯಾರಿಯರಿನ ಮೇಲೆ ಕೂತಾಗ ಮಾತ್ರ ಎಂಜಿನ್ ಆರಿಸಿ, ಪೆಡಲ್ ತುಳಿಯುತ್ತ, ಸುತ್ತುಬಳಸಿನ ದಾರಿ ಹಿಡಿಯುತ್ತಾರೆ.