ದೀಪದ ಕೋಣೆಯೊಳಗಿಂದ ಕೂಗಿದ್ದು

ಮಕ್ಕಳೇ, ೧೯೮೮ರಲ್ಲಿ ನಾನು ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರು ಪೆನ್ಸಿಲಿನಲ್ಲಿ ಮಾಡಿದ ನಕ್ಷೆಯ ಮೇಲೆ ತೆಳುವಾದ ಪಾರದರ್ಶಕ ಕಾಗದ ಹಾಸಿ, ಅದನ್ನು ಇಂಕಿನಲ್ಲಿ ಬರೆದುಕೊಡುವವರಿಗೆ ಟ್ರೇಸರ್ ಎನ್ನುತ್ತಾರೆ. ನಿಮ್ಮ ತಾತ ತೀರಿಕೊಂಡು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ನಾನು ಓದಿದ್ದು ಊರಿನ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಕೈ ನಡುಗದೆ ಗೆರೆ ಎಳೆಯಬಲ್ಲೆ ಎಂಬುದೊಂದೇ ನನ್ನ ಅರ್ಹತೆ. ಇಡೀ ದಿನ ಬಾಯಿ ತೆರೆಯದೆ ಮಾಡಬಹುದಾದ ಕೆಲಸ ಎಂಬುದೇ ನನಗೆ ದೊಡ್ಡ ಸಮಾಧಾನವಾಗಿತ್ತು.

ನನ್ನ ಸಂಕೋಚ ಎಂಥದ್ದೆಂದು ನಿಮಗೆ ಗೊತ್ತಿಲ್ಲ. ಜನ ತುಂಬಿದ ಮಟಾಟು ವ್ಯಾನಿನಲ್ಲಿ ಇಳಿಯುವ ಜಾಗ ಬಂದಾಗ "ಶುಕಿಶಾ" ಎಂದು ಕೂಗಬೇಕಲ್ಲ, ಇಳಿಸಿ ಎಂದು? ಅದು ನನ್ನ ಗಂಟಲಿನಿಂದ ಹೊರಡುತ್ತಿರಲಿಲ್ಲ. ನಮ್ಮ ಮನೆಯಿದ್ದ ಸೌತ್ ಸಿ ದಾಟಿಹೋದರೂ ಸುಮ್ಮನೆ ಕೂತಿದ್ದು, ಬೇರೆ ಯಾರಾದರೂ ಕೂಗಿದಾಗ ಅವರ ಹಿಂದೆ ಇಳಿದು, ಬಂದ ದಾರಿಯಲ್ಲೇ ನಡೆದು ವಾಪಸ್ಸು ಬರುತ್ತಿದ್ದೆ. ಆಗ ಹೈಸ್ಕೂಲಿನಲ್ಲಿದ್ದ ನಿಮ್ಮ ಅಪ್ಪ, "ಅಮ್ಮಾ, ಜಸ್ಟ್ ಶೌಟ್!" ಎಂದು ತಲೆ ಚಚ್ಚಿಕೊಳ್ಳುತ್ತಿದ್ದ.

ಆ ವರ್ಷ ನಮ್ಮ ಕಚೇರಿಗೆ, ನಗರದ ಹೊರಗಿನ ಒಂದು ಹಳೆಯ ಕವಲು ರೈಲುದಾರಿಯಲ್ಲಿ ಯಾವ ಯಾವ ನಿಲ್ದಾಣ ಉಳಿದಿದೆ, ಯಾವುದು ಹೋಗಿದೆ ಎಂದು ನೋಡಿ ನಕ್ಷೆ ಮಾಡುವ ಕೆಲಸ ಬಂತು. ನಕ್ಷೆಯಲ್ಲಿ ಇರುವುದಕ್ಕೆ ಗಟ್ಟಿ ಗೆರೆ, ಇಲ್ಲವಾದುದಕ್ಕೆ ಚುಕ್ಕೆ ಗೆರೆ. ಅಳತೆಯ ಟೇಪು ಹಿಡಿಯಲು ಜನ ಸಾಲದೆ ಎಂಜಿನಿಯರ್ ಲೋಬೋ ನನ್ನನ್ನೂ ಜೀಪು ಹತ್ತಿಸಿದರು. ಅವರು ಮಂಗಳೂರಿನವರು, ಹಾಸ್ಯಗಾರರು.

ಮೊದಲನೆಯ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿನ ಕಲ್ಲಂಚು ಮಾತ್ರ ಉಳಿದಿತ್ತು. ಅದರ ಮೇಲೆ ಯಾರೋ ಸುಕುಮಾ ಸೊಪ್ಪು ಬೆಳೆದಿದ್ದರು. ಎರಡನೆಯದು ಹಿಟ್ಟಿನ ಗಿರಣಿಯಾಗಿತ್ತು. ಟಿಕೆಟ್ ಕೊಡುತ್ತಿದ್ದ ಕಿಂಡಿಯಿಂದ ಮೆಕ್ಕೆಜೋಳದ ಹಿಟ್ಟಿನ ಚೀಲಗಳು ಹೊರಬರುತ್ತಿದ್ದವು. ಮೂರನೆಯದರಲ್ಲಿ ಒಬ್ಬ ದನಗಾಹಿ ಬರಿಯ ಹುಲ್ಲನ್ನು ತೋರಿಸಿ ಇಲ್ಲೇ ಇತ್ತು ಎಂದ. "ಇದಕ್ಕೆ ಚುಕ್ಕೆ ಹಾಕುವುದಾದರೂ ಎಲ್ಲಿ ಮಾರಾಯ್ರೇ?" ಎಂದರು ಲೋಬೋ.

ನಾಲ್ಕನೆಯದು ಇಡಿಯಾಗಿ ನಿಂತಿತ್ತು. ಗೋಡೆ, ಮಾಡು ಎಲ್ಲವೂ ತಗಡು. ಗುಜರಿಯವರಿಗೆ ಅದನ್ನು ಮಾರಿಯಾಗಿತ್ತು; ಮುಂದಿನ ವಾರ ಬಿಚ್ಚುತ್ತಾರೆ, ಅಷ್ಟರಲ್ಲಿ ಅಳೆದುಬಿಡಿ ಎಂದು ನಮಗೆ ಹೇಳಿದ್ದರು. ಟಿಕೆಟ್ ಕೋಣೆಯ ಪಕ್ಕದಲ್ಲಿ ಕಿಟಕಿಯಿಲ್ಲದ ಸಣ್ಣದೊಂದು ಕೋಣೆ. ಸಿಗ್ನಲ್ಲಿನ ಎಣ್ಣೆದೀಪಗಳನ್ನು ಅಲ್ಲಿ ಒರೆಸಿ, ಎಣ್ಣೆ ತುಂಬಿ ಇಡುತ್ತಿದ್ದರಂತೆ. ಬೆಂಕಿ ಹರಡದಿರಲೆಂದು ಅದರ ಕಬ್ಬಿಣದ ಬಾಗಿಲು ತಾನಾಗಿ ಮುಚ್ಚಿ, ಹೊರಗಿನ ಚಿಲಕ ತಾನಾಗಿ ಬೀಳುವಂತೆ ಮಾಡಿದ್ದರು.

ನಾನು ಬಾಗಿಲಿಗೆ ಒಂದು ಕಲ್ಲು ಕೊಟ್ಟು, ಚಪ್ಪಲಿ ಹೊರಗೆ ಬಿಟ್ಟೆ.

"ಸಾವಿತ್ರಕ್ಕ, ಅದು ಸೀಮೆಎಣ್ಣೆ ಕೋಣೆ, ದೇವರ ಕೋಣೆ ಅಲ್ಲ!" ಎಂದು ಲೋಬೋ ನಕ್ಕರು.

"ದೀಪ ಇಡ್ತಿದ್ರಲ್ಲ ಸರ್," ಎಂದೆ.

"ಸರಿ, ಪೂಜೆ ಮುಗಿಸಿ. ನಾನು ಆಚೆ ತಿರುವಿನಲ್ಲಿರುವ ನೀರಿನ ಟ್ಯಾಂಕು ನೋಡಿ ಬರ್ತೇನೆ." ಡ್ರೈವರನ ಜೊತೆ ಜೀಪಿನಲ್ಲಿ ಹೊರಟರು.

ಮೂರು ಗೋಡೆ ಅಳೆದಿದ್ದೆ. ಗಾಳಿ ಬೀಸಿತು. ಕಲ್ಲು ಜಾರಿ ಬಾಗಿಲು ಮುಚ್ಚಿಕೊಂಡಿತು. ಹೊರಗೆ ಚಿಲಕ ಬಿದ್ದ ಸದ್ದು ಕೇಳಿಸಿತು. ಹಳೆಯ ಮೊಳೆ ಕಿತ್ತ ತೂತುಗಳಿಂದ ಬರುವ ಬೆಳಕು ಬಿಟ್ಟರೆ ಕತ್ತಲು. ನಾನು ಏನು ಮಾಡಿದೆ ಗೊತ್ತೇ? ಬೆರಳಿನಿಂದ ಮೆಲ್ಲಗೆ ತಟ್ಟಿದೆ, ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋದವಳ ಹಾಗೆ. ಲೋಬೋ ಬರಲಿ ಎಂದು ಗೋಡೆಗೊರಗಿ ನಿಂತೆ.

ಸ್ವಲ್ಪ ಹೊತ್ತಿಗೆ ಗಾಡಿಯ ಸದ್ದಾಯಿತು. ಬದುಕಿದೆ ಎಂದುಕೊಂಡೆ. ಜೀಪಲ್ಲ, ಲಾರಿ. ಜನ ಇಳಿದು ಮಾತಾಡುತ್ತಾ ಸೂರು ಹತ್ತಿದರು. ಹಾರೆ ಹಾಕಿ ತಗಡು ಎಬ್ಬಿಸುವ ಸದ್ದು ಶುರುವಾಯಿತು. ಗುಜರಿಯವರು ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದರು. ಒಂದೊಂದು ತಗಡೂ ಪ್ಲಾಟ್‌ಫಾರ್ಮಿಗೆ ಬೀಳುವಾಗ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಪಕ್ಕದ ಟಿಕೆಟ್ ಕೋಣೆಯ ಮಾಡು ಕೀಳುತ್ತಿದ್ದರು. ಮುಂದಿನ ಸರದಿ ನನ್ನದು.

ಕೂಗಬೇಕು. ಏನೆಂದು? ಯಾವ ಭಾಷೆಯಲ್ಲಿ? "ಲೋಬೋ ಸರ್" ಎಂದರೆ ನನ್ನ ಕಿವಿಗೇ ಕೇಳಿಸಲಿಲ್ಲ. ಮನೆಯ ಬೀಗದಕೈ ನನ್ನ ಚೀಲದಲ್ಲಿತ್ತು. ನಿಮ್ಮ ಅಪ್ಪ ಶಾಲೆಯಿಂದ ಬಂದು ಮೆಟ್ಟಿಲ ಮೇಲೆ ಕೂತಿರುವುದು ಕಣ್ಣಿಗೆ ಬಂತು. ಅವನಿಗೆ ಇನ್ನು ಇದ್ದವಳು ನಾನೊಬ್ಬಳೇ. ಅಷ್ಟರಲ್ಲಿ ಗೋಡೆ ಅಲುಗಿ, ದೀಪವಿಡುವ ಕಬ್ಬಿಣದ ಹಲಗೆ ಕಳಚಿ ನನ್ನ ಭುಜ ಸವರಿಕೊಂಡು ಬಿತ್ತು.

ಆಗ ಬಾಯಿಂದ ಬಂದದ್ದು ಅದೊಂದೇ ಮಾತು.

"ಶುಕಿಶಾ! ಶುಕಿಶಾ!"

ಅಷ್ಟು ವರ್ಷ ಮಟಾಟುವಿನಲ್ಲಿ ನುಂಗಿದ್ದೆಲ್ಲ ಒಟ್ಟಿಗೆ ಹೊರಬಿತ್ತು. ಹಾರೆಗಳ ಸದ್ದು ನಿಂತಿತು. ಮೇಲೆ ಯಾರೋ ಗಾಬರಿಯಿಂದ ಏನೋ ಅಂದರು. ರೈಲೇ ಬಾರದ ನಿಲ್ದಾಣದಲ್ಲಿ ಹೆಂಗಸೊಬ್ಬಳು ಇಳಿಸಿ ಇಳಿಸಿ ಎಂದರೆ ಯಾರಿಗೆ ತಾನೇ ಭಯವಾಗದು? ಕೂಗು ಎಲ್ಲಿಂದ ಬರುತ್ತಿದೆಯೆಂದು ಅವರು ಅತ್ತಿತ್ತ ಓಡಾಡುವುದು ಕೇಳಿಸುತ್ತಿತ್ತು. ನಾನು ನಿಲ್ಲಿಸಲಿಲ್ಲ. ಕೊನೆಗೆ ಒಬ್ಬನ ಕಣ್ಣಿಗೆ ಬಾಗಿಲ ಮುಂದಿದ್ದ ನನ್ನ ಚಪ್ಪಲಿ ಬಿತ್ತು. ಚಿಲಕ ಎತ್ತಿದರು.

ಅವರ ಮೇಸ್ತ್ರಿ, ನರೆತ ಗಡ್ಡದವನು, ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮಾಮಾ, ಗಾರಿ ಇಕೋ ವಾಪಿ?" ಎಂದ. ಅಮ್ಮಾ, ಗಾಡಿ ಎಲ್ಲಿ? ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಳುತ್ತಿದ್ದ ನಾನೂ ನಕ್ಕೆ.

ಲೋಬೋ ಬಂದಾಗ ನಾನು ನಾಲ್ಕನೆಯ ಗೋಡೆ ಅಳೆಯುತ್ತಿದ್ದೆ. ಟೇಪಿನ ಇನ್ನೊಂದು ತುದಿ ಮೇಸ್ತ್ರಿಯ ಕೈಯಲ್ಲಿತ್ತು. ನಡೆದದ್ದು ಕೇಳಿ ಲೋಬೋ ಅವರ ಮುಖ ಬಿಳಿಚಿಕೊಂಡಿತು. "ಕೂಗಿದ್ದು ನೀವಾ? ನೀವೇ?" ಎಂದು ಎರಡು ಸಲ ಕೇಳಿದರು. ಆಮೇಲೆ ಪ್ರತಿ ನಿಲ್ದಾಣದಲ್ಲೂ, "ಸಾವಿತ್ರಕ್ಕ, ಚಪ್ಪಲಿ ಹೊರಗೆ ಬಿಟ್ಟಿದ್ದೀರಲ್ಲ?" ಎಂದು ನಗದೆ ವಿಚಾರಿಸಿಕೊಳ್ಳುತ್ತಿದ್ದರು.

ನಕ್ಷೆಗೆ ಇಂಕು ಹಾಕುವ ಹೊತ್ತಿಗೆ ಆ ನಿಲ್ದಾಣ ಇರಲಿಲ್ಲ. ನಾನೇ ಅದಕ್ಕೆ ಚುಕ್ಕೆ ಗೆರೆ ಎಳೆದೆ. ದೀಪದ ಕೋಣೆಯ ಹತ್ತಿರ ಬಂದಾಗ ಮಾತ್ರ ಕೈ ಒಂದು ಕ್ಷಣ ನಿಂತಿತು. ಒಳಗೆ ಯಾರಿದ್ದಾರೆಂದು ಚುಕ್ಕೆ ಗೆರೆ ಕೇಳುವುದಿಲ್ಲ, ಒಳಗಿರುವವರೇ ಹೇಳಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು.

ಈಗ ನೀವು ನನ್ನ ಜೊತೆ ಮಟಾಟುವಿನಲ್ಲಿ ಬರುವಾಗ, ಇಳಿಯುವ ಜಾಗ ಇನ್ನೂ ಅಷ್ಟು ದೂರವಿರುವಾಗಲೇ ನಾನು ಗಂಟಲು ಹರಿಯುವಂತೆ ಕೂಗುತ್ತೇನೆಂದು ಮುಖ ಮುಚ್ಚಿಕೊಳ್ಳುತ್ತೀರಿ. ಮುಚ್ಚಿಕೊಳ್ಳಿ. ಅಜ್ಜಿ ಕೂಗುವುದನ್ನು ಬಿಡುವುದಿಲ್ಲ.